ಸಾವಿತ್ರೆವ್ವ ಹೇಳಿದ ಶುಕ್ರವಾರದ ಕಂತು

ಐನಾಪುರದ ಧರೆಪ್ಪನ ಶೆಡ್ಡಿನಲ್ಲಿ ಬೆಳಗಿನ ಮೊದಲ ತಾಸು ಸಾವಿತ್ರೆವ್ವನದು. ಒಣಗಿಸಿದ ದ್ರಾಕ್ಷಿಗೆ ಆ ಕಡೆ ಬೇದಾಣಿ ಅನ್ನುತ್ತಾರೆ. ಹತ್ತು ಹನ್ನೆರಡು ಹೆಂಗಸರು ಬೇದಾಣಿ ರಾಶಿಯ ಸುತ್ತ ಕೂತು ಕಡ್ಡಿ ತೆಗೆದು, ಕಪ್ಪಾದ ಕಾಳು ಆರಿಸಿ, ಒಳ್ಳೆಯದನ್ನು ಬುಟ್ಟಿಗೆ ಹಾಕುತ್ತಾರೆ. ಕೈಗಳು ತಮ್ಮಷ್ಟಕ್ಕೆ ಕೆಲಸ ಮಾಡುತ್ತಿರುವಾಗ ಮನಸ್ಸಿಗೆ ಏನಾದರೂ ಬೇಕಲ್ಲ? ಅವರಲ್ಲಿ ಬಹಳ ಜನ ತೋಟದ ವಸ್ತಿಯಿಂದ ಬರುವವರು. ವಸ್ತಿಗೆ ಸಂಜೆ ಏಳರಿಂದ ಒಂಬತ್ತರವರೆಗೆ ಕರೆಂಟು ಇರುವುದಿಲ್ಲ, ಪದ್ಮಜಾ ಎಂಬ ಸೊಸೆಯ ಕತೆಯ ಸೀರಿಯಲ್ಲು ಶುರುವಾಗುವುದು ಸರಿಯಾಗಿ ಏಳೂವರೆಗೆ. ಸಾವಿತ್ರೆವ್ವನ ಮನೆ ಊರೊಳಗೆ. ಹಾಗಾಗಿ ಆಕೆ ನೋಡಿಕೊಂಡು ಬಂದು ಮರುದಿನ ಹೇಳಬೇಕು, ಉಳಿದವರು ಕೇಳಬೇಕು. ಎರಡು ವರ್ಷದಿಂದ ಹೀಗೇ ನಡೆದಿತ್ತು.

ಹೇಳುವುದರಲ್ಲಿ ಆಕೆಯನ್ನು ಮೀರಿಸುವವರಿರಲಿಲ್ಲ. ಪದ್ಮಜಾ ಅತ್ತರೆ ಸಾವಿತ್ರೆವ್ವನ ಸೆರಗು ಕಣ್ಣಿಗೆ ಹೋಗುತ್ತಿತ್ತು. ಅತ್ತೆ ಗೋದಾವರಿಬಾಯಿ ಹುಬ್ಬು ಏರಿಸಿದರೆ ಈಕೆಯ ಹುಬ್ಬೂ ಏರುತ್ತಿತ್ತು. "ಟಿವಿ ನೋಡೂದಕ್ಕಿಂತ ನಿನ್ನ ಬಾಯಿಲೆ ಕೇಳೂದ ಚಲೋ" ಎಂದು ಎಲ್ಲರಿಗಿಂತ ಹಿರಿಯಳಾದ ಕೆಂಚವ್ವ ಎಷ್ಟೋ ಸಲ ಹೇಳಿದ್ದಳು.

ಆದರೆ ಸಾವಿತ್ರೆವ್ವನಿಗೆ ಕಿವಿ ಕೇಳಿಸುತ್ತಿರಲಿಲ್ಲ. ಅದು ಯಾರಿಗೂ ಗೊತ್ತಿರಲಿಲ್ಲ.

ಮೂರು ವರ್ಷದ ಹಿಂದೆ ಮೊದಲು ಎಡಗಿವಿಯೊಳಗೆ ಹಿಟ್ಟಿನ ಗಿರಣಿ ಓಡಿದಂತೆ ಸದ್ದು ಶುರುವಾಯಿತು. ಸದ್ದು ನಿಂತ ಮೇಲೆ ಆ ಕಿವಿಯೂ ನಿಂತೇಹೋಯಿತು. ಆಮೇಲೆ ಬಲಗಿವಿ ಸ್ವಲ್ಪ ಸ್ವಲ್ಪವೇ ಮಂದವಾಗುತ್ತ ಬಂತು. ಈಗ ಮಾತೆಲ್ಲ ಬಾವಿಯ ತಳದಿಂದ ಬಂದಂತೆ ಬರುತ್ತಿತ್ತು. ಮಾತಾಡುತ್ತಿದ್ದಾರೆ ಅನ್ನುವುದು ತಿಳಿಯುತ್ತಿತ್ತು, ಏನು ಅನ್ನುವುದು ತಿಳಿಯುತ್ತಿರಲಿಲ್ಲ. ಆಕೆ ತುಟಿ ನೋಡುವುದನ್ನು ಕಲಿತಳು. ಶೆಡ್ಡಿನಲ್ಲಿ ಯಾವಾಗಲೂ ಗೋಡೆಗೆ ಬೆನ್ನು ಕೊಟ್ಟು ಕೂರುತ್ತಿದ್ದಳು, ಎಲ್ಲರ ಮುಖ ಎದುರಿಗೆ ಇರಲೆಂದು. ನಾಲ್ಕು ಜನ ನಕ್ಕರೆ ತಾನೂ ನಗುತ್ತಿದ್ದಳು. ಸೀರಿಯಲ್ಲೂ ಹಾಗೆಯೇ. ಅದರಲ್ಲಿ ಮುಖಗಳು ಗೋಡೆಯಷ್ಟು ದೊಡ್ಡದಾಗಿ ಬರುತ್ತವೆ. ಒಂದು ಮಾತಿಗೆ ಮೂರು ಸಲ ಕಣ್ಣು ಅರಳಿಸುತ್ತಾರೆ. ಅರ್ಧ ತುಟಿಯಿಂದ, ಅರ್ಧ ಕಣ್ಣಿನಿಂದ ತಿಳಿದುಕೊಂಡು, ತಿಳಿಯದ್ದನ್ನು ತನ್ನ ಕಡೆಯಿಂದ ತುಂಬಿ ಹೇಳುತ್ತಿದ್ದಳು. ಯಾರಾದರೂ "ಅದು ಹಂಗ ಇರಲಿಲ್ಲಲ್ಲ" ಅಂದರೆ, "ಮರ್ತೇನಿ ಬಿಡು" ಎಂದು ನಕ್ಕುಬಿಡುತ್ತಿದ್ದಳು.

ಮುಚ್ಚಿಡಲು ಕಾರಣವಿತ್ತು. ಆಕೆಯ ಅಪ್ಪ ಮಾಳಸಿದ್ದ ನಡುವಯಸ್ಸಿನಲ್ಲಿ ಕಿವುಡನಾದವನು. ತವರೂರು ಅನಂತಪುರದಲ್ಲಿ ಅವನನ್ನು ಸಾಯುವವರೆಗೆ 'ಕೆಪ್ಪ ಮಾಳ್ಯಾ' ಎಂದೇ ಕರೆದರು. ಮದುವೆ ಮುಂಜಿಗೆ ಹೋದರೆ ಒಂದು ಕಂಬದ ಹತ್ತಿರ ಕೂರಿಸಿ, ಊಟದ ಹೊತ್ತಿಗೆ ತೋಳು ಹಿಡಿದು ಎಬ್ಬಿಸುತ್ತಿದ್ದರು. ನಡುವೆ ಅವನೊಂದಿಗೆ ಮಾತಾಡುವವರು ಯಾರೂ ಇರಲಿಲ್ಲ. ಆ ಕಂಬ ಸಾವಿತ್ರೆವ್ವನಿಗೆ ಚೆನ್ನಾಗಿ ನೆನಪಿತ್ತು. ಗಂಡ ಹಾಲಸಿದ್ದನಿಗೂ ಹೇಳಲಿಲ್ಲ. ಅವನು ಕುರಿಗಳೊಂದಿಗೆ ತಿಂಗಳುಗಟ್ಟಲೆ ಹೊರಗೇ ಇರುತ್ತಿದ್ದ. ಮಗ ಮಲ್ಲೇಶನಿಗೆ ಡೇರಿ ಕೆಲಸ, ಬೆಳಗಾಗುವ ಮುಂಚೆ ಹೋದರೆ ಸಂಜೆ ಬರುತ್ತಿದ್ದ. ಸೊಸೆ ಸೋನಾಲಿ ಮಿರಜಿನ ಹುಡುಗಿ, ಮನೆಗೆ ಬಂದು ಒಂದೂವರೆ ವರ್ಷ. ಮರಾಠಿ ಬೆರೆಸಿ, ತುಟಿ ಹೆಚ್ಚು ತೆರೆಯದೆ ಮೆಲ್ಲಗೆ ಮಾತಾಡುತ್ತಿದ್ದಳು. ಉಳಿದ ಎಲ್ಲರ ತುಟಿ ಓದಬಲ್ಲ ಸಾವಿತ್ರೆವ್ವನಿಗೆ ಆ ಹುಡುಗಿಯ ತುಟಿ ಮಾತ್ರ ಓದಲು ಬರುತ್ತಿರಲಿಲ್ಲ. ಅದಕ್ಕೇ ಆಕೆಯೊಂದಿಗೆ ಮಾತು ಕಡಿಮೆ ಮಾಡಿದ್ದಳು.

ಆ ಶುಕ್ರವಾರದ ಕಂತಿಗಾಗಿ ಶೆಡ್ಡು ವಾರವೆಲ್ಲ ಕಾದಿತ್ತು. ಪದ್ಮಜಾಳ ಗಂಡ ತೀರಿಕೊಂಡು ಹದಿಮೂರು ದಿನ ಕಳೆದಿತ್ತು. ಆರು ವರ್ಷ ಸೊಸೆಯನ್ನು ಗೋಳು ಹೊಯ್ದುಕೊಂಡ ಗೋದಾವರಿಬಾಯಿ ಈಗ ಆಕೆಯನ್ನು ಹೊರಗೆ ಹಾಕುತ್ತಾಳೆಂದು ಎಲ್ಲರ ಲೆಕ್ಕ. "ಹೊರಗ ಹಾಕಿದ್ಲಂದ್ರ ನಾ ಆ ಸೀರಿಯಲ್ ಹೆಸರ ಎತ್ತೂದಿಲ್ಲ" ಎಂದು ಮಂಗಲ ಆಣೆ ಮಾಡಿದ್ದಳು. ಗಂಡ ಸತ್ತ ಮೇಲೂ ಅತ್ತೆಯ ಮನೆಯಲ್ಲೇ ಉಳಿದವಳು ಮಂಗಲ. ಆಕೆಗೆ ಅದು ಬರೀ ಸೀರಿಯಲ್ಲಾಗಿರಲಿಲ್ಲ.

ಸಾವಿತ್ರೆವ್ವ ಏಳೂಕಾಲಕ್ಕೇ ಟಿವಿಯ ಮುಂದೆ ಕೂತಳು. ಸೋನಾಲಿ ಪಕ್ಕದಲ್ಲಿ ಮೆಂತ್ಯೆ ಸೊಪ್ಪು ಬಿಡಿಸುತ್ತ ಕೂತಳು.

ಅವತ್ತಿನ ಕಂತು ಎಂದಿನಂತಿರಲಿಲ್ಲ. ಅಡುಗೆಮನೆಯ ನೆಲದ ಮೇಲೆ ಗೋದಾವರಿಬಾಯಿ, ಪದ್ಮಜಾ ಇಬ್ಬರೇ ಅಕ್ಕಿ ಆರಿಸುತ್ತ ಕೂತಿದ್ದರು. ಬೇರೆ ಯಾರೂ ಬರಲಿಲ್ಲ. ಕಣ್ಣು ಅರಳಿಸಲಿಲ್ಲ, ಬಳೆ ಒಡೆಯಲಿಲ್ಲ. ಅಷ್ಟೇ ಅಲ್ಲ, ಕ್ಯಾಮೆರಾ ಬಹಳ ಹೊತ್ತು ಇಬ್ಬರ ಬೆನ್ನ ಹಿಂದೆಯೇ ನಿಂತಿತ್ತು. ಅತ್ತೆಯ ಬಿಳಿ ಕೂದಲಿನ ಗಂಟು, ಸೊಸೆಯ ಜಡೆ, ನಡುವೆ ಮೊರ. ಮುಖ ಕಂಡಾಗಲೂ ತಲೆ ತಗ್ಗಿರುತ್ತಿತ್ತು. ಸಾವಿತ್ರೆವ್ವ ಮುಂದಕ್ಕೆ ಬಾಗಿದಳು, ಇನ್ನೂ ಬಾಗಿದಳು. ಒಂದು ಮಾತೂ ಸಿಗಲಿಲ್ಲ. ಅರ್ಧ ತಾಸು ಹೀಗೇ ಹೋಯಿತು. ಕೊನೆಗೆ ಗೋದಾವರಿಬಾಯಿ ಸೊಸೆಯ ತಲೆಯ ಮೇಲೆ ಕೈ ಇಟ್ಟಳು, ಕಂತು ಮುಗಿಯಿತು.

ತಿರುಗಿ ನೋಡಿದರೆ ಸೋನಾಲಿ ಅಳುತ್ತಿದ್ದಳು. ಮಡಿಲಲ್ಲಿ ಮೆಂತ್ಯೆ ಸೊಪ್ಪು ಹಾಗೇ ಇತ್ತು. ಅತ್ತೆ ನೋಡಿದ್ದು ಕಂಡ ಕೂಡಲೇ ಎದ್ದು ಒಳಗೆ ಹೋದಳು. ಯಾಕೆ ಅಳುತ್ತೀ ಎಂದು ಕೇಳಬೇಕೆನ್ನಿಸಿತು. ಆದರೆ ಕೇಳಿದರೆ ಆಕೆ ಹೇಳುತ್ತಾಳೆ, ಹೇಳಿದ್ದು ತಿಳಿಯುವುದಿಲ್ಲ. ಸಾವಿತ್ರೆವ್ವ ಟಿವಿ ಆರಿಸಿದಳು.

ಮರುದಿನ ಶೆಡ್ಡಿಗೆ ಕಾಲಿಡುವಷ್ಟರಲ್ಲೇ ಮಂಗಲ ಕೈ ಹಿಡಿದಳು.

"ಸಾವಿತ್ರಕ್ಕಾ, ಏನಾತು? ಹಾಕಿದ್ಲೇನ ಹೊರಗ?"

"ಇಲ್ಲ ಬೇ. ಕೂಡು, ಹೇಳತೇನಿ."

ಎಲ್ಲರೂ ಕೂತರು. ಶೆಡ್ಡಿನ ಒಡತಿ, ಧರೆಪ್ಪನ ಹೆಂಡತಿ ಉಜ್ವಲಾ ಕೂಡ ಕುರ್ಚಿ ಎಳೆದುಕೊಂಡು ಬಂದಳು. ಪರೀಕ್ಷೆ ಮುಗಿಸಿ ಎರಡು ದಿನದ ಹಿಂದೆ ಕೆಲಸಕ್ಕೆ ಸೇರಿದ್ದ ನೀಲಮ ಎಂಬ ಹುಡುಗಿಯೂ ಇದ್ದಳು. ಸಾವಿತ್ರೆವ್ವ ಅಡುಗೆಮನೆ ಹೇಳಿದಳು, ಮೊರ ಹೇಳಿದಳು, ಬಿಳಿ ಕೂದಲಿನ ಗಂಟು ಹೇಳಿದಳು. ಕಂಡದ್ದು ಅಷ್ಟೇ. ಮುಂದೆ?

"ಮುಂದ ಏನಂದ್ಲ ಗೋದಾವರಿಬಾಯಿ?" ಕೆಂಚವ್ವನ ತುಟಿ ಕೇಳಿತು.

ಸಾವಿತ್ರೆವ್ವ ಒಂದು ಹಿಡಿ ಬೇದಾಣಿ ಎತ್ತಿಕೊಂಡು ಅಂಗೈಯಲ್ಲಿ ಉರುಳಿಸಿದಳು. ಏನು ಹೇಳಬೇಕೆಂದು ಆಕೆಗೂ ಗೊತ್ತಿರಲಿಲ್ಲ. ಬಾಯಿ ತೆರೆದಾಗ ಮಾತು ತಾನೇ ಬಂತು.

"ಪದ್ಮಜಾ, ಅಂದ್ಲು. ಮಂದಿ ನನಗ ಸೊಕ್ಕಿನಾಕಿ ಅಂತಾರ. ನೀನೂ ಅಂದಿರಬೇಕ. ಸೊಕ್ಕಲ್ಲ ಬೇ ಅದು, ಅಂಜಿಕಿ. ನೀವೆಲ್ಲಾ ಕೂಡಿ ನಗತೀರಿ, ಯಾಕ ನಗತೀರಿ ನನಗ ತಿಳಿಯೂದಿಲ್ಲ. ನಿಮ್ಮ ಮಾರಿ ನೋಡಿ ನಾನೂ ನಗತೇನಿ. ಮನಿ ತುಂಬ ಮಂದಿ ಅದಾರ, ನಾ ಮಾತ್ರ ಅಂಗಳದಾಗ ನಿಂತು ಕಿಡಕ್ಯಾಗಿಂದ ನೋಡಿದಂಗ ಇರತೇನಿ. ಒಳಗ ಬಾ ಅಂತ ಯಾರರೆ ಕರದಾರೇನೊ, ನನಗ ಗೊತ್ತಾಗಿಲ್ಲ. ನಿನ್ನ ಕೂಡ ಮಾತಾಡಬೇಕಂತ ಭಾಳ ಆಸೆ ಐತಿ. ಹ್ಯಾಂಗ ಮಾತಾಡಬೇಕ ತಿಳಿವಲ್ದು."

ಹೇಳುತ್ತ ಹೇಳುತ್ತ ಆಕೆಯ ಕಣ್ಣಿಂದ ನೀರು ಇಳಿಯಿತು. ಅದನ್ನು ಒರೆಸಿಕೊಳ್ಳುವುದೂ ಹೊಳೆಯಲಿಲ್ಲ. ಶೆಡ್ಡಿನಲ್ಲಿ ಎಲ್ಲರ ಕೈ ನಿಂತಿತ್ತು. ಮಂಗಲ ಸೆರಗು ಬಾಯಿಗೆ ಒತ್ತಿಕೊಂಡು ಬಿಕ್ಕುತ್ತಿದ್ದಳು. ಉಜ್ವಲಾ ಕನ್ನಡಕ ತೆಗೆದು ಕಣ್ಣು ತಿಕ್ಕಿಕೊಂಡಳು. "ಅಯ್ಯ, ಆ ಮುದುಕಿಗಿ ನಾ ಎಷ್ಟ ಬೈದೇನಲ್ಲ ಇಷ್ಟ ದಿನ" ಎಂದು ಕೆಂಚವ್ವ ಹಣೆ ಬಡಿದುಕೊಂಡಳು.

ನೀಲಮ ಒಬ್ಬಳೇ ಅಳಲಿಲ್ಲ. ಆಕೆ ಅತ್ತಿತ್ತ ನೋಡಿ, ಸಂಕೋಚದಿಂದ ಹೇಳಿದಳು: "ಅಕ್ಕಾ, ಸಿಟ್ಟಿಗಿ ಬರಬ್ಯಾಡ್ರಿ. ನಾ ಮುಂಜಾನಿ ಮೊಬೈಲ್‌ನ್ಯಾಗ ಅದ ಎಪಿಸೋಡ್ ನೋಡೇನಿ. ಗೋದಾವರಿಬಾಯಿ ಹಿಂಗ ಒಂದೂ ಮಾತ ಅಂದಿಲ್ಲ."

ಮಂಗಲ ನಂಬಲಿಲ್ಲ. "ಎಲ್ಲಿ ತೋರ್ಸ ನೋಡೂಣು" ಅಂದಳು. ಊಟದ ಹೊತ್ತಿಗೆ ನೀಲಮ ಮೊಬೈಲನ್ನು ಒಂದು ಡಬ್ಬಿಗೆ ಆನಿಸಿ ನಿಲ್ಲಿಸಿದಳು. ಎಲ್ಲರೂ ರೊಟ್ಟಿ ಕೈಯಲ್ಲೇ ಹಿಡಿದು ಸುತ್ತ ಬಾಗಿದರು.

ಸಾವಿತ್ರೆವ್ವನಿಗೆ ಅಂಗೈಯಗಲದ ಪರದೆಯಲ್ಲಿ ಮತ್ತೆ ಅದೇ ಎರಡು ಬೆನ್ನು ಕಂಡವು. ಆಕೆ ಪರದೆ ಬಿಟ್ಟು ಗೆಳತಿಯರ ಮುಖ ನೋಡಿದಳು. ಮೊದಲು ಆ ಮುಖಗಳಲ್ಲಿ ಅನುಮಾನವಿತ್ತು. ಆಮೇಲೆ ಅದು ಮರೆತುಹೋಗಿ ಎಲ್ಲರೂ ಒಳಗೆ ಇಳಿದರು. ಮಂಗಲ ಅಗಿಯುವುದನ್ನು ನಿಲ್ಲಿಸಿದಳು. ಕೆಂಚವ್ವನ ಗಲ್ಲ ನಡುಗಿತು. ಕೊನೆಗೆ ಅತ್ತೆಯ ಕೈ ಸೊಸೆಯ ತಲೆಯ ಮೇಲೆ ಬಂದಾಗ ಅಷ್ಟೂ ಜನ ಒಟ್ಟಿಗೆ ಉಸಿರು ಬಿಟ್ಟಿದ್ದು ಎದೆಗಳು ಇಳಿದದ್ದರಿಂದಲೇ ತಿಳಿಯಿತು. ಎಲ್ಲರೂ ಮತ್ತೆ ಅತ್ತರು. ಆದರೆ ಯಾಕೆ ಅತ್ತರೆಂಬುದು ಆಕೆ ಒಬ್ಬಳಿಗೇ ಗೊತ್ತಿರಲಿಲ್ಲ.

ಮೊಬೈಲು ನಿಂತಿತು. ಎಲ್ಲರೂ ಆಕೆಯತ್ತ ತಿರುಗಿದರು. ನಾಲ್ಕು ಬಾಯಿ ಒಮ್ಮೆಲೇ ಆಡತೊಡಗಿದವು. ಯಾವ ತುಟಿ ಹಿಡಿಯಬೇಕೆಂದು ತಿಳಿಯದೆ ಆಕೆ ಗಲಿಬಿಲಿಗೊಂಡಳು. ಮಂಗಲ ಎದುರಿಗೆ ಬಂದು ನಿಂತಳು.

"ಎರಡ ವರ್ಷದಿಂದ ನಮಗ ಹಿಂಗ ಸುಳ್ಳ ಹೇಳಿಯೇನ? ನಿನ್ನ ಮಾತ ಕೇಳಿ ನಾ ಅತ್ತೇನಿ. ದಿನಾ ಮನಿಗಿ ಹೋಗಿ ನಮ್ಮ ಅತ್ತಿ ಮುಂದನೂ ಹೇಳೇನಿ. ಆಕಿನೂ ಅತ್ತಾಳ. ನಮ್ಮನ್ನ ಹುಚ್ಚ ಮಾಡಿದಿ ಹೌದಲ್ಲ?"

ಸಾವಿತ್ರೆವ್ವನ ಕಣ್ಣು ಬಾಯಿಂದ ಬಾಯಿಗೆ ಓಡಿದ್ದನ್ನು ಕಂಡಿದ್ದ ಕೆಂಚವ್ವ ಅಷ್ಟರಲ್ಲಿ ಎದ್ದು, ಗೋಡೆಯ ಬದಿಯಿಂದ ಸುತ್ತಿಕೊಂಡು ಆಕೆಯ ಬೆನ್ನ ಹಿಂದೆ ಬಂದು ನಿಂತಳು. "ಸಾವಿತ್ರಿ" ಎಂದು ಕರೆದಳು. ಇನ್ನೊಮ್ಮೆ ಕರೆದಳು. ಮೂರನೇ ಸಲ ದನ ಕಾಯುವವರು ಕೂಗುವಂತೆ ಕೂಗಿದಳು. ಶೆಡ್ಡಿನಾಚೆ ಟೆಂಪೋದವನೂ ತಿರುಗಿ ನೋಡಿದ. ಸಾವಿತ್ರೆವ್ವ ಮಾತ್ರ ಕಣ್ಣು ಕೀಳದೆ ಮಂಗಲಳ ತುಟಿಯನ್ನೇ ನೋಡುತ್ತಿದ್ದಳು.

ಮಂಗಲಳ ಬಾಯಿ ತೆರೆದದ್ದು ತೆರೆದಂತೆಯೇ ನಿಂತಿತು.

ಕೆಂಚವ್ವ ಮುಂದೆ ಬಂದು, ಕೆಳಗೆ ಕೂತು, ಆಕೆಯ ಗದ್ದ ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು. ಒಂದೊಂದೇ ಅಕ್ಷರ ಬಿಡಿಸಿ ಕೇಳಿದಳು: "ಯಾವಾಗಿಂದ ಕೇಳಸೂದಿಲ್ಲ ಯವ್ವಾ?"

ಇಲ್ಲ ಅನ್ನಲು ಇದೇ ಹೊತ್ತು. ನಕ್ಕು, "ಮರ್ತೇನಿ ಬಿಡು" ಅನ್ನಬಹುದಿತ್ತು. ಆದರೆ ಮೂರು ವರ್ಷದಲ್ಲಿ ಯಾರೂ ಆಕೆಯನ್ನು ಹೀಗೆ ಗದ್ದ ಹಿಡಿದು ಕೇಳಿರಲಿಲ್ಲ. "ಮೂರ ವರ್ಷಾತು" ಅಂದಳು. ಅಂದ ಕೂಡಲೇ ಕೆಂಚವ್ವನ ಹೆಗಲ ಮೇಲೆ ತಲೆ ಇಟ್ಟು ಸಣ್ಣ ಹುಡುಗಿಯಂತೆ ಅತ್ತಳು. ಮಂಗಲ ಬಂದು ಕಾಲ ಹತ್ತಿರ ಕೂತಳು. ಏನೋ ಹೇಳಿದಳು, ಅಳುವ ತುಟಿ ಓದಲು ಬರುವುದಿಲ್ಲ, ಆದರೆ ತಿಳಿಯಿತು.

ಸ್ವಲ್ಪ ಹೊತ್ತಿನ ಮೇಲೆ ಉಜ್ವಲಾ ಎದುರಿಗೆ ಬಂದು ನಿಂತು, ನಿಧಾನವಾಗಿ ಕೇಳಿದಳು: "ಸೊಸಿಗಿ ಗೊತ್ತೈತೇನ್ರಿ?"

"ಇಲ್ರಿ. ಹೇಳಬ್ಯಾಡ್ರಿ. ಹೊಸಾ ಹುಡುಗಿ, ಕೆಪ್ಪ ಅತ್ತಿ ಸಿಕ್ಕಾಳಂತ ತಿಳಕೊಂಡೀತು."

"ಈಗ ಏನಂತ ತಿಳಕೊಂಡಾಳೊ ಅದು ಗೊತ್ತೈತಿ ನಿನಗ?" ಅಂದಳು ಕೆಂಚವ್ವ.

ಆ ಪ್ರಶ್ನೆ ಸಂಜೆ ಮನೆ ಮುಟ್ಟುವವರೆಗೂ ಸಾವಿತ್ರೆವ್ವನನ್ನು ಬಿಡಲಿಲ್ಲ. ಸೋನಾಲಿ ಹಿತ್ತಲಲ್ಲಿ ಆಡುಗಳಿಗೆ ಮೇವು ಹಾಕುತ್ತಿದ್ದಳು. ಸಾವಿತ್ರೆವ್ವ ಕಾಲು ತೊಳೆಯದೆ ನೆಟ್ಟಗೆ ಅಲ್ಲಿಗೇ ಹೋದಳು. ತಡ ಮಾಡಿದರೆ ಧೈರ್ಯ ಹೋಗಿಬಿಡುತ್ತದೆಂದು ಗೊತ್ತಿತ್ತು.

"ಸೋನಾಲಿ, ಇಕಡೆ ನೋಡು. ನನಗ ಕಿವಿ ಕೇಳಸೂದಿಲ್ಲ. ಎರಡೂ. ನೀ ಬರೂಕಿಂತ ಮೊದಲಿಂದನೂ."

ಸೋನಾಲಿಯ ಕೈಯಿಂದ ಮೇವಿನ ಸಿವುಡು ಜಾರಿತು. ಆಕೆ ಅತ್ತೆಯ ಎದುರಿಗೆ ಬಂದು ನಿಂತಳು. ಆಮೇಲೆ ಮೊದಲ ಸಲ ತುಟಿ ಪೂರ್ತಿ ತೆರೆದು, ಸ್ಪಷ್ಟವಾಗಿ ಕೇಳಿದಳು: "ಖರಂಚ? ಖರೇನ? ಅಂದ್ರ, ಅತ್ಯಾ, ನಿಮಗ ನನ್ನ ಮ್ಯಾಲೆ ಸಿಟ್ಟ ಇಲ್ಲ?"

"ನನಗ್ಯಾತರ ಸಿಟ್ಟ ಬೇ?"

ಸೋನಾಲಿಗೆ ನಗುವೂ ಅಳುವೂ ಒಟ್ಟಿಗೇ ಬಂದವು. ಆಡುಗಳ ನಡುವೆ ಕಲ್ಲಿನ ಮೇಲೆ ಕೂತು ಒಂದೂವರೆ ವರ್ಷದ್ದನ್ನೆಲ್ಲ ಹೇಳಿದಳು. ಸಾವಿತ್ರೆವ್ವನಿಗೆ ತಿಳಿಯದಿದ್ದಾಗ ಮತ್ತೆ ಹೇಳಿದಳು. ಎಷ್ಟು ಸಲ ಹಿಂದಿನಿಂದ ಅತ್ಯಾ ಎಂದು ಕರೆದಿದ್ದಳು, ಒಮ್ಮೆಯೂ ಓಗೊಡಲಿಲ್ಲ. ತನ್ನ ಮರಾಠಿ ಕನ್ನಡ ಹಿಡಿಸಿಲ್ಲ ಎಂದುಕೊಂಡಳು. ಅಡುಗೆ ಹಿಡಿಸಿಲ್ಲ ಎಂದುಕೊಂಡಳು. ಸಂಕ್ರಾಂತಿಯ ಮುಂಚೆ ಆಕೆಯ ತಾಯಿಯನ್ನು ಆಸ್ಪತ್ರೆಗೆ ಸೇರಿಸಿದ್ದರು. ರೊಟ್ಟಿ ಬಡಿಯುತ್ತಿದ್ದ ಅತ್ತೆಯ ಬೆನ್ನ ಹಿಂದೆ ನಿಂತು, "ನಾಲ್ಕ ದಿನ ಮಿರಜಿಗಿ ಹೋಗಿ ಬರಲೇನ್ರಿ" ಎಂದು ಕೇಳಿದ್ದಳು. ಅತ್ತೆ ರೊಟ್ಟಿ ಬಡಿಯುತ್ತಲೇ ಇದ್ದಳು. ಸೋನಾಲಿ ಹೋಗಲಿಲ್ಲ.

ಸಾವಿತ್ರೆವ್ವ ಆಕೆಯ ಕೈ ಹಿಡಿದಳು. "ನಿಮ್ಮವ್ವ?"

"ಈಗ ಆರಾಮ ಅದಾಳ್ರಿ. ಚಲೋ ಆಗ್ಯಾಳ."

"ನನ್ನ ನಾಚಿಕಿ ಸಲುವಾಗಿ ನಿಮ್ಮವ್ವನ್ನ ನೋಡೂದ ತಪ್ಪಸಿದ್ನಲ್ಲ ತಂಗಿ."

"ಆತು ಬಿಡ್ರಿ. ನಾನೂ ಮುಂದ ಬಂದು ಕೇಳಬೇಕಾಗಿತ್ತು. ಅಂಜಿದ್ನಿ."

ಆ ಸಂಜೆ ಟಿವಿ ಹಚ್ಚಲಿಲ್ಲ. ಸೋನಾಲಿ ಅತ್ತೆಯ ಎದುರಿಗೆ ಕೂತು ಶುಕ್ರವಾರದ ಕಂತನ್ನು ಮೊದಲಿಂದ ಹೇಳಿದಳು. ಗೋದಾವರಿಬಾಯಿ ಹೇಳಿದ್ದು ಬಹಳ ಸಣ್ಣ ಮಾತು. ಆರು ವರ್ಷ ದಿನಕ್ಕೆ ನೂರು ಸಲ ನಿನ್ನ ಹೆಸರು ಕರೆದೆ, ಬೈಯುವುದಕ್ಕೇ ಕರೆದೆ. ಈಗ ಈ ಮನೆಯಲ್ಲಿ ನಾನು ಕರೆದರೆ ಓ ಅನ್ನುವವಳು ನೀನೊಬ್ಬಳೇ. ಹೋಗಬೇಕೆನ್ನಿಸಿದರೆ ಹೋಗು, ಬಸ್ಸಿನವರೆಗೆ ನಾನೇ ಬಂದು ಕಳಿಸುತ್ತೇನೆ. ಇರಬೇಕೆನ್ನಿಸಿದರೆ ಇರು, ಸೊಸೆಯಾಗಿಯೇ ಇರಬೇಕೆಂದಿಲ್ಲ.

"ಅದಕ್ಕ ಅಳಾಕತ್ತಿದ್ಯೇನ ನೀ?" ಎಂದು ಸಾವಿತ್ರೆವ್ವ ಕೇಳಿದಳು.

ಸೋನಾಲಿ ತಲೆಯಾಡಿಸಿದಳು. "ಆಕಿ ಬೈಯಾಕಾದ್ರೂ ಸೊಸಿನ್ನ ಕರೀತಿದ್ಲಲ್ರಿ."

ಮುಂದಿನ ಸೋಮವಾರ ಮಲ್ಲೇಶ ಡೇರಿಗೆ ರಜೆ ಹೇಳಿ ಕಿವಿ ತೋರಿಸಲು ಅವ್ವನನ್ನೂ ಹೆಂಡತಿಯನ್ನೂ ಮಿರಜಿಗೆ ಕರೆದುಕೊಂಡು ಹೋದ. ಅದಕ್ಕೂ ಮೊದಲು ಭಾನುವಾರ ಹಾಲಸಿದ್ದ ಕುರಿ ಹಟ್ಟಿಯಿಂದ ಬಂದಿದ್ದ. ವಿಷಯ ತಿಳಿದು ಕಂಬಳಿ ಕೆಳಗಿಟ್ಟು, "ಹೌದೇನ? ನಾ ಏನ ಹೇಳಿದ್ರೂ ಬೇಕಂತನ ಕೇಳೂದಿಲ್ಲಂತ ತಿಳಿದಿದ್ನಿ" ಅಂದ. ಆಮೇಲೆ ಹೆಂಡತಿಯ ಮುಂದೆ ಕೂತು, ಮೂರು ವರ್ಷದ ಸುದ್ದಿಯನ್ನೆಲ್ಲ ಕೈಸನ್ನೆ ಮಾಡಿ ಮತ್ತೆ ಹೇಳತೊಡಗಿದ. ಮಲ್ಲೇಶನೇ ಬಿಡಿಸಿ ಊಟಕ್ಕೆ ಎಬ್ಬಿಸಬೇಕಾಯಿತು.

ಕಿವಿ ಡಾಕ್ಟರು ವಯಸ್ಸಾದ ಹೆಂಗಸು. ಬಲಗಿವಿಯೊಳಗೆ ದೀಪ ಬಿಟ್ಟು ನೋಡಿ, ನಾಲ್ಕು ದಿನ ಹಾಕಲು ಔಷಧಿ ಕೊಟ್ಟು ಮತ್ತೆ ಬರಲು ಹೇಳಿದಳು. ಎರಡನೇ ಸಲ ಹೋದಾಗ ಮಲ್ಲೇಶನಿಗೆ ರಜೆ ಸಿಗಲಿಲ್ಲ, ಅತ್ತೆ ಸೊಸೆ ಇಬ್ಬರೇ ಹೋದರು. ವರ್ಷಗಟ್ಟಲೆ ಕೂಡಿ ಕಲ್ಲಾಗಿದ್ದ ಗುಗ್ಗೆಯನ್ನು ಡಾಕ್ಟರು ಬಿಸಿನೀರು ಚಿಮ್ಮಿಸಿ ತೆಗೆದಳು. ಒಂದು ಗಳಿಗೆ ತಲೆ ತಿರುಗಿದಂತಾಯಿತು. ಆಮೇಲೆ ಎಲ್ಲೋ ಟಪ್ ಟಪ್ ಎಂದು ಸದ್ದು. ಸಾವಿತ್ರೆವ್ವ ಸುತ್ತ ಹುಡುಕಿದಳು. ಮೂಲೆಯ ನಲ್ಲಿಯಿಂದ ನೀರು ತೊಟ್ಟಿಕ್ಕುತ್ತಿತ್ತು.

"ನಳಾ ಸೋರಾಕತ್ತೈತ್ರಿ" ಅಂದಳು. ಡಾಕ್ಟರು ಜೋರಾಗಿ ನಕ್ಕಳು. ಆ ನಗುವೂ ಕೇಳಿಸಿತು.

ಎಡಗಿವಿಯ ನರ ಸೋತಿದೆ, ಅದಕ್ಕೆ ಮಷೀನು ಬೇಕು, ಮುಂದಿನ ತಿಂಗಳು ಹಾಕೋಣ ಎಂದು ಡಾಕ್ಟರು ಮರಾಠಿ ಬೆರೆತ ಕನ್ನಡದಲ್ಲಿ ಹೇಳಿದಳು. ಬಲಗಿವಿ ಪೂರ್ತಿ ಅಲ್ಲದಿದ್ದರೂ ಮುಕ್ಕಾಲು ಪಾಲು ಮರಳಿದೆ. ಇಷ್ಟು ದಿನ ಯಾಕೆ ಬರಲಿಲ್ಲ ಎಂದು ಕೇಳಿದಾಗ ಸಾವಿತ್ರೆವ್ವ ಅಪ್ಪನ ಕತೆ ಹೇಳಿದಳು. ಡಾಕ್ಟರು ಬರೆಯುವುದನ್ನು ನಿಲ್ಲಿಸಿ ಪೂರ್ತಿ ಕೇಳಿದಳು. "ಅವರಿಗೂ ಮಷೀನು ಹಾಕಬಹುದಿತ್ತೇನೋ" ಎಂದಷ್ಟೇ ಹೇಳಿದಳು. ಆ ಮಾತು ಸಾವಿತ್ರೆವ್ವನ ಎದೆಯಲ್ಲಿ ಸ್ವಲ್ಪ ಹೊತ್ತು ಉಳಿಯಿತು.

ಬಸ್ ಸ್ಟ್ಯಾಂಡಿನಲ್ಲಿ ಆಕೆಗೆ ಗಾಬರಿಯೇ ಆಯಿತು. ಜಗತ್ತು ಇಷ್ಟು ಗದ್ದಲ ಮಾಡುತ್ತದೆಂಬುದು ಮರೆತುಹೋಗಿತ್ತು. ಕಂಡಕ್ಟರ ಸೀಟಿ ಊದಿದ್ದಕ್ಕೆ ಬೆಚ್ಚಿ ಸೊಸೆಯ ತೋಳು ಹಿಡಿದಳು. ಕಾಗವಾಡದ ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೋನಾಲಿ, ಈಚೆ ಸಾವಿತ್ರೆವ್ವ ಕೂತರು. ಬಸ್ಸು ಹೊರಟಿತು. ಸೋನಾಲಿ ತಾಯಿಗೆ ಫೋನು ಹಚ್ಚಿ ಮೆಲ್ಲಗೆ ಮರಾಠಿಯಲ್ಲಿ ಮಾತಾಡಿದಳು. ಆಕೆಯ ದನಿ ಹೇಗಿದೆಯೆಂದು ಸಾವಿತ್ರೆವ್ವ ಮೊದಲ ಸಲ ಕೇಳಿದಳು. ತಾನು ಅಂದುಕೊಂಡದ್ದಕ್ಕಿಂತ ಸ್ವಲ್ಪ ದಪ್ಪ ದನಿ. ಚೆನ್ನಾಗಿತ್ತು.

ಹಿಂದಿನ ಸೀಟಿನಲ್ಲಿ ಇಬ್ಬರು ಹೆಂಗಸರು ತಮ್ಮ ನಾದಿನಿಯನ್ನು ಆಡಿಕೊಳ್ಳುತ್ತಿದ್ದರು. ಸಾವಿತ್ರೆವ್ವ ಬಲಗಿವಿಯನ್ನು ಮೆಲ್ಲಗೆ ಆ ಕಡೆ ತಿರುಗಿಸಿದಳು. ನಾದಿನಿ ತವರಿಗೆ ಬಂದರೆ ಹದಿನೈದು ದಿನ ಕದಲುವುದಿಲ್ಲವಂತೆ, ಹೋಗುವಾಗ ಉಪ್ಪಿನಕಾಯಿಯ ಜಾಡಿ ಪೂರ್ತಿ ಒಯ್ಯುತ್ತಾಳಂತೆ. ಮೂರು ವರ್ಷದ ಮೇಲೆ ಕದ್ದು ಕೇಳಿದ ಮೊದಲ ಮಾತು ಅದು. ಸುಮ್ಮನಿರಲು ಆಗಲಿಲ್ಲ. ಸೊಸೆಯ ಕಡೆ ಬಾಗಿ, ಪಿಸುಮಾತೆಂದುಕೊಂಡು ಹೇಳಿದಳು:

"ಜಾಡಿ ಸಮೇತ ಒಯ್ತಾಳಂತ ನೋಡು ಆಕಿ!"

ಆ ಪಿಸುಮಾತು ಡ್ರೈವರನವರೆಗೂ ಹೋಯಿತು. ಹಿಂದಿನ ಸೀಟು ಒಮ್ಮೆಲೇ ಸ್ತಬ್ಧವಾಯಿತು. ಸೋನಾಲಿ ಫೋನನ್ನು ಎದೆಗೆ ಒತ್ತಿಕೊಂಡು, ಮುಖವನ್ನು ಕಿಟಕಿಯ ಕಡೆ ತಿರುಗಿಸಿ, ಮೈಯೆಲ್ಲ ಕುಲುಕುವಂತೆ ನಕ್ಕಳು. "ಸಾವಕಾಶ, ಅತ್ಯಾ" ಎಂದಳು, ಮುಖ ತಿರುಗಿಸದೆಯೇ.

"ಹೂಂ" ಎಂದಳು ಸಾವಿತ್ರೆವ್ವ.